ಪ್ರತಿಕ್ರಿಯೆ: ಮೂಡಿಗೆರೆ ತೋಟದ ಕಿತ್ತಳೆ ಚಿಟ್ಟೆ ವೈಸ್‌ರಾಯ್ ಹೌದಾ?

ಅಲ್ಲ, ವೈಸ್‌ರಾಯ್ ಉತ್ತರ ಅಮೆರಿಕದ ಚಿಟ್ಟೆ. ರೆಕ್ಕೆಯಲ್ಲಿ ದಪ್ಪ ಕಪ್ಪು ನರಗಳಿದ್ದವು ಅಂದಿರಿ. ಹಾಗಾದರೆ ನೀವು ಕಂಡದ್ದು ಬಹುತೇಕ ಸ್ಟ್ರೈಪ್ಡ್ ಟೈಗರ್. ನರ ತೆಳುವಾಗಿದ್ದು ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಪ್ಲೇನ್ ಟೈಗರ್. ಅದರ ಹುಳುಗಳನ್ನು ಎಕ್ಕದ ಗಿಡದಲ್ಲಿ ನೋಡಬಹುದು.

ವೈಸ್‌ರಾಯ್ ಅಂದರೆ ರಾಜನ ಪರವಾಗಿ ಆಳುವವನು. ಪೋರ್ಚುಗೀಸರು 1505ರಲ್ಲೇ ಅಲ್ಮೇಡಾನನ್ನು ಭಾರತಕ್ಕೆ ಹಾಗೆ ಕಳಿಸಿದ್ದರು. ಬ್ರಿಟಿಷರಲ್ಲಿ 1858ರ ಕ್ಯಾನಿಂಗ್‌ನಿಂದ 1947ರ ಮೌಂಟ್‌ಬ್ಯಾಟನ್‌ವರೆಗೆ ವೈಸ್‌ರಾಯ್‌ಗಳಿದ್ದರು. ವೈಸ್‌ರಾಯ್ ಚಿಟ್ಟೆಯೂ ಮೊನಾರ್ಕ್ ಎಂಬ 'ದೊರೆ' ಚಿಟ್ಟೆಯನ್ನೇ ಹೋಲುತ್ತದೆ, ಗಾತ್ರದಲ್ಲಿ ಚಿಕ್ಕದು. ಅದರ ಹಿಂದಿನ ರೆಕ್ಕೆಯಲ್ಲಿ ನರಗಳನ್ನು ಅಡ್ಡ ಹಾಯುವ ಕಪ್ಪು ಗೆರೆಯಿದೆ, ಮೊನಾರ್ಕ್‌ಗಿಲ್ಲ. ವೈಸ್‌ರಾಯ್ ಹಕ್ಕಿಗಳಿಗೆ ರುಚಿಕರ, ಕಹಿಯಾದ ಮೊನಾರ್ಕ್‌ನಂತೆ ಕಾಣುವ ಬರೀ ವೇಷಧಾರಿ ಎಂಬ ಹಳೆಯ ಪಾಠವನ್ನು ನಂಬಬೇಡಿ. ಹಕ್ಕಿಗಳಿಗೆ ಅದೂ ಕಹಿ ಎಂದು 1991ರ ಪ್ರಯೋಗಗಳು ತೋರಿಸಿವೆ.