ವಿದೇಶಕ್ಕೆ ಸ್ವಯಂಸೇವಕರಾಗಿ ಹೋಗುವ ಮುಂಚೆ ಎರಡು ದಿನದ ತರಬೇತಿ ಕೊಡುತ್ತಾರಂತೆ. ಹೋಗಲೇಬೇಕಾ?

ನೀವು ಸಿಂಧನೂರಿನಲ್ಲಿ ಸ್ಟಾಫ್ ನರ್ಸ್. ಆಫ್ರಿಕಾದ ಹಳ್ಳಿ ಆಸ್ಪತ್ರೆಯೊಂದಕ್ಕೆ ಒಂದು ವರ್ಷದ ಮಟ್ಟಿಗೆ ಸ್ವಯಂಸೇವಕಿಯಾಗಿ ಹೊರಟಿದ್ದೀರಿ. "ಎಂಟು ವರ್ಷ ವಾರ್ಡಿನಲ್ಲಿ ದುಡಿದವಳಿಗೆ ಶನಿವಾರ, ಭಾನುವಾರ ಕೂರಿಸಿಕೊಂಡು ಇನ್ನೇನು ಕಲಿಸುತ್ತಾರೆ?" ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ.

ನಾನು ಕುಷ್ಟಗಿ ಕಡೆಯವನು. ಬೋರಿಂಗ್, ಅಂದರೆ ಕೈಪಂಪು ರಿಪೇರಿ ನನ್ನ ಕೆಲಸ. ಉಗಾಂಡಾದಲ್ಲಿ ಹಳ್ಳಿ ಮೆಕ್ಯಾನಿಕ್‌ಗಳ ಜೊತೆ ಕೆಲಸ ಮಾಡಲು ಆಯ್ಕೆಯಾಗಿದ್ದೆ. ಅಲ್ಲಿನ ಯು2 ಪಂಪು ನಮ್ಮ ಇಂಡಿಯಾ ಮಾರ್ಕ್ 2 ಪಂಪಿನ ತಮ್ಮ ಇದ್ದ ಹಾಗೆ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪುಗೊಂಡ ಪಂಪು ಅದು. ಚೈನು, ಸಿಲಿಂಡರು, ವಾಷರು ಎಲ್ಲ ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆ. ಹಾಗಾಗಿ ಹೋಗಿ ಕೆಲಸ ಶುರು ಮಾಡುವುದೊಂದೇ ಬಾಕಿ ಅಂದುಕೊಂಡಿದ್ದೆ.

ತರಬೇತಿ ಕೊಪ್ಪಳದ ಹೊರಗಿನ ಒಂದು ಕೇಂದ್ರದಲ್ಲಿತ್ತು. ಒಟ್ಟು ಹದಿನಾಲ್ಕು ಜನ. ನರ್ಸ್‌ಗಳು, ಮೇಷ್ಟ್ರುಗಳು, ಜೇನು ಸಾಕುವವರೊಬ್ಬರು. ಮೊದಲ ದಿನ ಬೆಳಿಗ್ಗೆ ಒಬ್ಬರು ಬಂದು ಇಪ್ಪತ್ತು ನಿಮಿಷ ಬರೀ ಉಗಾಂಡಾದ ಲುಗಾಂಡಾ ಭಾಷೆಯಲ್ಲಿ ಮಾತಾಡಿದರು. ಫಾರಂ ಕೊಟ್ಟು ತುಂಬಿ ಅಂತ ಸನ್ನೆ ಮಾಡಿದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಬ್ಯಾಂಕಿನಲ್ಲಿ ಚಲನ್ ಹಿಡಿದು, ಅವರಿವರ ಮುಖ ನೋಡುತ್ತಾ ನಿಲ್ಲುವ ನಮ್ಮೂರಿನ ಮುದುಕರು ನೆನಪಾದರು. ನಿಮ್ಮ ಮುಂದೆ ಬಂದು ಕೂರುವ ತಾಯಂದಿರಿಗೂ ಹಾಗೇ ಆಗಬಹುದು, ಅಲ್ವಾ? ಮಧ್ಯಾಹ್ನ ಆರೋಗ್ಯ, ವಿಮೆ, ದುಡ್ಡಿನ ವಿಚಾರ. ಪರೀಕ್ಷೆ ಅಂತ ಏನೂ ಇರಲಿಲ್ಲ.

ಎರಡನೇ ದಿನ ಹತ್ತಿರದ ಹಳ್ಳಿಗೆ ಕರೆದುಕೊಂಡು ಹೋದರು. ಗುಡಿ ಕಟ್ಟೆ ಹತ್ತಿರ ಗಂಡಸರದ್ದೊಂದು ಗುಂಪು, ಹೆಂಗಸರದ್ದೊಂದು ಗುಂಪು. ರಂಗೋಲಿ ಪುಡಿ ಕೊಟ್ಟು, ನಿಮ್ಮ ಊರನ್ನು ನೆಲದ ಮೇಲೆ ಬರೆಯಿರಿ ಅಂದರು. ಊರಿನವರೇ ತಮ್ಮ ಊರಿನ ಸ್ಥಿತಿ ಬಿಡಿಸಿ ತೋರಿಸುವ ಈ ವಿಧಾನಕ್ಕೆ ಪಿಆರ್‌ಎ ಅನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಇದನ್ನು ಬೆಳೆಸಿದವರಲ್ಲಿ ನಮ್ಮ ಕರ್ನಾಟಕದ ಮೈರಾಡಾ ಸಂಸ್ಥೆಯವರೂ ಇದ್ದಾರೆ. ಗಂಡಸರು ಮೊದಲು ರಸ್ತೆ ಎಳೆದರು, ಆಮೇಲೆ ಗುಡಿ, ಪಂಚಾಯಿತಿ ಆಫೀಸು. ಹೆಂಗಸರು ಮೊದಲು ನೀರು ಬರೆದರು. ಹಳ್ಳದ ಒರತೆ, ಎರಡು ಬೋರಿಂಗ್. ದಿನಕ್ಕೆ ಎಷ್ಟು ಸಲ ನೀರಿಗೆ ಹೋಗುತ್ತೀರಿ ಅಂದಾಗ ಒಂದೊಂದು ಸಲಕ್ಕೆ ಒಂದೊಂದು ಹುಣಸೆ ಬೀಜ ಇಟ್ಟರು. ಒರತೆ ಹತ್ತಿರ ಬೀಜದ ಗುಡ್ಡೆ ಆಯಿತು. ಗುಡಿ ಹಿಂದಿನ ಬೋರಿಂಗ್ ಹತ್ತಿರ ಒಂದೂ ಇಲ್ಲ.

ಆ ಪಂಪು ಕೆಟ್ಟಿರಲೇ ಇಲ್ಲ. ಬರುವಾಗ ನಾನೇ ಹ್ಯಾಂಡಲ್ ಒತ್ತಿ ನೋಡಿದ್ದೆ, ಬುಳುಬುಳು ನೀರು ಬಂದಿತ್ತು. ಇಲ್ಲೇ ಇಷ್ಟು ನೀರಿರುವಾಗ ಒರತೆಗೆ ಯಾಕೆ ಹೋಗುತ್ತೀರಿ ಅಂದೆ. ಒಬ್ಬ ಅಜ್ಜಿ ತಲೆ ಎತ್ತದೆ ಹೇಳಿದರು: "ಅದು ದನಕ್ಕ ಅಷ್ಟೇ ನೋಡಪ್ಪ. ಆ ನೀರಾಗ ಬ್ಯಾಳಿ ಬೇಯಂಗಿಲ್ಲ."

ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ನಮ್ಮ ಮನೆಯಲ್ಲಿ ಅವ್ವನೂ ಎಷ್ಟೋ ಸಲ ಹೇಳಿದ್ದ ಮಾತು ಅದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ನನಗೆ ಬಾಯಿಪಾಠ. ಆದರೆ ಹನ್ನೊಂದು ವರ್ಷದಲ್ಲಿ ಒಂದು ಊರಲ್ಲೂ ಬೇಳೆ ಬೇಯುತ್ತದಾ ಅಂತ ಕೇಳಿರಲಿಲ್ಲ. ನೀರು ಬಂದರೆ ರಿಜಿಸ್ಟರಿನಲ್ಲಿ 'ಚಾಲ್ತಿ' ಅಂತ ಬರೆದು ಬಂದುಬಿಡುತ್ತಿದ್ದೆ. ಅವತ್ತು ರಾತ್ರಿ ಬಸ್ಸಿನಲ್ಲಿ ಕೂತು, ನಾನು ಹಾಗೆ ಬರೆದ ಊರುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ತುಂಬಾ ಸಂಕಟವಾಯಿತು.

ಉಗಾಂಡಾದಲ್ಲಿ ಎರಡನೇ ವಾರವೇ ಅಂಥದ್ದೇ ಒಂದು ಪಂಪು ಸಿಕ್ಕಿತು. ಚೆನ್ನಾಗಿ ನಡೆಯುತ್ತಿದೆ, ಯಾರೂ ನೀರು ಹಿಡಿಯುತ್ತಿಲ್ಲ. ಈ ಸಲ ಸ್ಪಾನರ್ ತೆಗೆಯಲಿಲ್ಲ. ಅಲ್ಲಿನ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಮೂಲಕ ಹೆಂಗಸರನ್ನು ಕೇಳಿದೆ. ಈ ನೀರಿನಲ್ಲಿ ಚಹಾ ಕಪ್ಪಾಗುತ್ತದೆ, ಬಿಳಿ ಬಟ್ಟೆ ಕೆಂಪಾಗುತ್ತದೆ ಅಂದರು. ಹುಳಿ ಗುಣದ ನೀರಿಗೆ ಒಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದಿತ್ತು. ವಾಷರ್ ಎಷ್ಟು ಬದಲಿಸಿದ್ದರೂ ಪ್ರಯೋಜನ ಇರಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪೈಪು ತರಿಸಿ ಇಳಿಸುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಇಳಿಸಿದ್ದು ಆ ಮೆಕ್ಯಾನಿಕ್ಕೇ, ನಾನು ಪಕ್ಕದಲ್ಲಿ ನಿಂತಿದ್ದೆ.

ನಿಮಗೆ ಬೇಕಾದ ಇನ್ನೆರಡು ವಿಷಯ. ನೀವು ಹೋಗುವ ದೇಶದಲ್ಲಿ ಹಳದಿ ಜ್ವರ (ಯೆಲ್ಲೋ ಫೀವರ್) ಇದ್ದರೆ, ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಲಸಿಕೆ ಆಗಿರಬೇಕು. ಇದು ಎಲ್ಲಾ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ತಡೆದು ಇರಿಸಿಕೊಳ್ಳಬಹುದು. ಇನ್ನು, ಅಲ್ಲಿ ಕೊಡುವುದು ಸಂಬಳ ಅಲ್ಲ, ಜೀವನ ಭತ್ಯೆ. ಅಲ್ಲಿ ಊಟ, ಓಡಾಟಕ್ಕೆ ಸರಿಹೋಗುತ್ತದೆ, ಮನೆಗೆ ಜಾಸ್ತಿ ಕಳಿಸಲಾಗುವುದಿಲ್ಲ. ಮನೆಯಲ್ಲಿ ಸಾಲದ ಕಂತು ಇದ್ದರೆ ಈಗಲೇ ಕೂತು ಮಾತಾಡಿ.

ತರಬೇತಿಯಲ್ಲಿ ಸಾಮಾನ್ಯವಾಗಿ ವಿದೇಶದಲ್ಲಿ ಹೀಗೆ ಕೆಲಸ ಮಾಡಿ ಬಂದವರು ಒಬ್ಬರಾದರೂ ಇರುತ್ತಾರೆ. ಸುಮ್ನೆ ಭಾಷಣ ಕೇಳಿ ಬಿಡಬೇಡಿ, ಊಟದ ಹೊತ್ತಿನಲ್ಲಿ ಅವರ ಪಕ್ಕ ಕೂತುಕೊಳ್ಳಿ. "ನನ್ನ ಜೊತೆ ಕೆಲಸ ಮಾಡುವ ಅಲ್ಲಿನ ನರ್ಸ್ ಯಾರು?", "ನಾನು ವಾಪಸ್ ಬಂದ ಮೇಲೆ ಆ ಕೆಲಸ ಯಾರ ಕೈಗೆ ಹೋಗುತ್ತದೆ?", ಇವೆರಡನ್ನು ಸಂಸ್ಥೆಯವರ ಹತ್ತಿರ ಕೇಳಿ ಬರೆದುಕೊಳ್ಳಿ. ನೆಲದ ಮೇಲೆ ಆರಾಮಾಗಿ ಕೂರಲು ಬರುವಂಥ ಬಟ್ಟೆ ಹಾಕಿಕೊಂಡು ಹೋಗಿ.