ಶಿಶು ದೀಕ್ಷಾಸ್ನಾನದ ಬಗ್ಗೆ ಬೇರೆ ಅಭಿಪ್ರಾಯ ಇರುವವರನ್ನು ಸಭೆ ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೆ?

ಕೂಸಾಗಿದ್ದಾಗಲೇ ನಿಮಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗಿದೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಮನೆಯ ಹತ್ತಿರದ ಕ್ರೈಸ್ತ ಸಭೆಗೆ ಹೋಗುತ್ತಿದ್ದೀರಿ. ಮತ್ತೊಮ್ಮೆ ನೀರಿನಲ್ಲಿ ಮುಳುಗಿ ಎದ್ದರೆ ಮಾತ್ರ ಸದಸ್ಯತ್ವ ಎಂದು ಅಲ್ಲಿಯವರು ಹೇಳಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಸರಿಯಲ್ಲ. ನಿಮ್ಮನ್ನು ನೀವಿರುವಂತೆಯೇ ಸೇರಿಸಿಕೊಳ್ಳಬೇಕು.

ನಾನು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ, ಮನೆತನದಲ್ಲಿ ಹುಟ್ಟಿದವಳು. ಮೂರು ತಿಂಗಳಿಗೆ ದೀಕ್ಷಾಸ್ನಾನ, ಹದಿನಾರನೆಯ ವಯಸ್ಸಿಗೆ ದೃಢೀಕರಣ, ಅಂದರೆ ಆ ನಂಬಿಕೆಯನ್ನು ನಾನೇ ಒಪ್ಪಿಕೊಳ್ಳುವ ವಿಧಿ. ನನ್ನ ಗಂಡನ ಮನೆಯವರು ನಂಬಿಕೆಯನ್ನು ಬಾಯಿಂದ ಅರಿಕೆ ಮಾಡಿದವರಿಗೆ ಮಾತ್ರ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಸಭೆಯವರು. ಮದುವೆಯಾದ ಮೇಲೆ ನಾನೂ ಅಲ್ಲಿಗೇ ಹೋಗತೊಡಗಿದೆ. ಮೊದಲ ತಿಂಗಳಲ್ಲೇ ಒಂದು ಭಾನುವಾರ ಕರ್ತನ ಭೋಜನದ ರೊಟ್ಟಿಯ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸು ಅದನ್ನು ನನ್ನ ಮಡಿಲಿನ ಮೇಲಿಂದ ದಾಟಿಸಿ ಆಚೆಯವರಿಗೆ ಕೊಟ್ಟರು. ಕೊಡುವಾಗ ಇನ್ನೊಂದು ಕೈಯಿಂದ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು. ಅವರಿಗೂ ಸಂಕಟವಾಗಿತ್ತು. ಮುಳುಗಿ ದೀಕ್ಷಾಸ್ನಾನ ಪಡೆಯದವರಿಗೆ ಅಲ್ಲಿ ಆ ರೊಟ್ಟಿ ಇರಲಿಲ್ಲ. ನನ್ನ ಅಮ್ಮ ತಮ್ಮ ಬೈಬಲಿನ ಕೀರ್ತನೆಗಳ ಪುಟಗಳ ನಡುವೆ ಜೋಪಾನವಾಗಿಟ್ಟಿದ್ದ ನನ್ನ ದೀಕ್ಷಾಸ್ನಾನದ ಪತ್ರ ಆಗ ನೆನಪಾಯಿತು. ಮಡಿಕೆಯ ಗೆರೆಯಲ್ಲಿ ಹರಿದು, ಹಳದಿಗಟ್ಟಿದ ಕಾಗದ. ಅದಕ್ಕೆ ಏನೂ ಬೆಲೆಯಿಲ್ಲವೆಂದು ಒಪ್ಪಿಕೊಂಡರೆ ಮಾತ್ರ ಆ ತಟ್ಟೆ ನನ್ನ ಕೈಗೆ ಬರುತ್ತಿತ್ತು.

ಮುಳುಗಿಸುವ ಸಭೆಯವರ ಪಕ್ಷದ ಮಾತನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಶಿಶುವಿಗೆ ಕೊಟ್ಟದ್ದು ಅವರ ದೃಷ್ಟಿಯಲ್ಲಿ ದೀಕ್ಷಾಸ್ನಾನವೇ ಆಗುವುದಿಲ್ಲ. ಹಾಗಾಗಿ ಅವರು ನಿಮ್ಮನ್ನು ಕೇಳುತ್ತಿರುವುದು ಅವರ ಲೆಕ್ಕದಲ್ಲಿ ಮೊದಲನೆಯ ದೀಕ್ಷಾಸ್ನಾನ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿ ಸುವಾರ್ತೆಯನ್ನು ಕೇಳಿದ ಮೇಲೆ ನೀರಿಗಿಳಿಯುವುದನ್ನು ಅವರು ತೋರಿಸುತ್ತಾರೆ. ನಮ್ಮವರು ಹದಿನಾರನೆಯ ಅಧ್ಯಾಯವನ್ನು ತೆರೆಯುತ್ತಾರೆ: ಲುದ್ಯಳೂ ಅವಳ ಮನೆಯವರೂ, ಸೆರೆಮನೆಯ ಯಜಮಾನನೂ ಅವನ ಮನೆಯವರೂ. ಆ ಮನೆಗಳಲ್ಲಿ ತೊಟ್ಟಿಲಿತ್ತೇ ಎಂದು ಗ್ರಂಥ ಹೇಳುವುದಿಲ್ಲ. ಗ್ರಂಥ ಮೌನವಾಗಿರುವ ಕಡೆ ನಾವು ಒಬ್ಬರನ್ನೊಬ್ಬರು ಬಾಗಿಲಾಚೆ ನಿಲ್ಲಿಸುವುದು ನನಗೆ ಸಹಿಸಲಾಗದ ಸಂಗತಿ.

ಈ ಜಗಳ ಹಳೆಯದು. ಇಂಗ್ಲೆಂಡಿನ ಬೋಧಕ, ಲೇಖಕ ಜಾನ್ ಬನ್ಯನ್ ವಿಶ್ವಾಸಿಗಳಿಗೆ ಮಾತ್ರ ದೀಕ್ಷಾಸ್ನಾನ ಎಂಬ ಪಕ್ಷದವನೇ. ಆದರೂ ನೀರಿನ ದೀಕ್ಷಾಸ್ನಾನದ ಕುರಿತ ಭಿನ್ನಮತ ಸಹಭಾಗಿತ್ವಕ್ಕೆ ಅಡ್ಡಿಯಾಗಬಾರದೆಂದು 1673ರಲ್ಲಿ ವಾದಿಸಿ ಬರೆದ, ತನ್ನ ಪಕ್ಷದವರಿಂದಲೇ ವಿರೋಧ ಕಟ್ಟಿಕೊಂಡ. ನಮ್ಮ ದೇಶದಲ್ಲಿ ಇದನ್ನು ಮಾಡಿ ತೋರಿಸಿದ್ದು ಉತ್ತರ ಭಾರತ ಸಭೆ. 1970ರ ನವೆಂಬರ್ 29ರಂದು ನಾಗಪುರದಲ್ಲಿ, ಶಿಶುಗಳಿಗೂ ದೀಕ್ಷಾಸ್ನಾನ ಕೊಡುವ ಆಂಗ್ಲಿಕನ್ನರ ಜೊತೆ, ವಿಶ್ವಾಸಿಗಳಿಗೆ ಮಾತ್ರ ಕೊಡುವ ಬ್ಯಾಪ್ಟಿಸ್ಟರೂ ಬ್ರದರನ್ ಸಭೆಯವರೂ ಒಂದಾದರು. ಶಿಶು ದೀಕ್ಷಾಸ್ನಾನ, ವಿಶ್ವಾಸಿಯ ದೀಕ್ಷಾಸ್ನಾನ ಎರಡಕ್ಕೂ ಆ ಸಭೆಯಲ್ಲಿ ಜಾಗವಿದೆ. 1947ರಲ್ಲಿ ಚೆನ್ನೈಯಲ್ಲಿ ಸಿಎಸ್‌ಐ ಹುಟ್ಟಿದಾಗ ಬ್ಯಾಪ್ಟಿಸ್ಟರು ಆ ಒಕ್ಕೂಟದಲ್ಲಿ ಇರಲಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಒಂದೇ ಮನೆಯೊಳಗೆ ಕುಳಿತು ಬಗೆಹರಿಸುವ ಪ್ರಮೇಯ ನಮ್ಮ ಹಿರಿಯರಿಗೆ ಅಷ್ಟಾಗಿ ಬರಲಿಲ್ಲ. ಈಗ ಬೆಂಗಳೂರಿನಲ್ಲಿ ಮದುವೆಗಳೂ ಬಾಡಿಗೆ ಮನೆಗಳೂ ಅದನ್ನು ನಮ್ಮ ಮುಂದೆ ತಂದಿಟ್ಟಿವೆ.

ಸೇರಿಸಿಕೊಂಡ ಮಾತ್ರಕ್ಕೆ ಎಲ್ಲವೂ ಸುಗಮವಾಗುವುದಿಲ್ಲ. ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದವನು ತಾನಾಗಿಯೇ ಬಂದು ನನ್ನನ್ನು ಮುಳುಗಿಸಿ ಎಂದು ಕೇಳಿದರೆ ಸಭಾಪಾಲಕರು ಏನು ಮಾಡಬೇಕು? ಕೊಟ್ಟರೆ ಮೊದಲನೆಯದನ್ನು ಅಳಿಸಿದಂತೆ, ಕೊಡದಿದ್ದರೆ ಅವನ ಮನಸ್ಸಾಕ್ಷಿಯನ್ನು ತುಳಿದಂತೆ. ಜಾಗತಿಕ ಸಭೆಗಳ ಮಂಡಳಿಯ ವತಿಯಿಂದ 1982ರಲ್ಲಿ ಲೀಮಾದಲ್ಲಿ ಸಿದ್ಧವಾದ ಹೇಳಿಕೆ, ದೀಕ್ಷಾಸ್ನಾನ ಪುನರಾವರ್ತಿಸಲಾಗದ್ದು ಎನ್ನುತ್ತದೆ. ನನ್ನ ಮನಸ್ಸೂ ಅದರ ಕಡೆಗೇ ಇದೆ. ಅಂಥವನ ಜೊತೆ ತಿಂಗಳುಗಟ್ಟಲೆ ಕುಳಿತು ಮಾತನಾಡಲಿ, ಅವನು ಎಲ್ಲರೆದುರು ತನ್ನ ನಂಬಿಕೆಯನ್ನು ಸಾಕ್ಷಿ ಹೇಳಲಿ, ಎರಡನೆಯ ಸ್ನಾನ ಮಾತ್ರ ಬೇಡ. ಹಾಗೆಯೇ, ಸೇರಿದವರಿಗೂ ಒಂದು ಕಟ್ಟು ಇರಬೇಕು. ತನ್ನನ್ನು ಬರಮಾಡಿಕೊಂಡ ಸಭೆಯ ಮಕ್ಕಳಿಗೆ ಭಾನುವಾರದ ಶಾಲೆಯಲ್ಲಿ, ನಿಮಗಾದದ್ದು ಸುಳ್ಳು ದೀಕ್ಷಾಸ್ನಾನ ಎಂದು ಯಾರೂ ಕಲಿಸಬಾರದು.

ನಾವಿಬ್ಬರೂ ಈಗ ಬೇರೊಂದು ಕನ್ನಡ ಸಭೆಯಲ್ಲಿದ್ದೇವೆ. ನಮ್ಮ ಮಗಳಿಗೆ ಶಿಶುವಾಗಿದ್ದಾಗ ದೀಕ್ಷಾಸ್ನಾನ ಮಾಡಿಸಲಿಲ್ಲ. ಗಂಡನ ಮನಸ್ಸಾಕ್ಷಿ ಒಪ್ಪಲಿಲ್ಲ, ನಾನು ಬಿಟ್ಟುಕೊಟ್ಟೆ. ಬದಲಿಗೆ ಕೂಸನ್ನು ದೇವರಿಗೆ ಒಪ್ಪಿಸುವ ಸಮರ್ಪಣೆಯ ಪ್ರಾರ್ಥನೆ ನಡೆದ ದಿನ ಅವಳನ್ನು ಎತ್ತಿಕೊಂಡು ಮುಂದೆ ಹೋದವರು ನನ್ನ ಅಮ್ಮ. ಆ ದಿನ ಅವರು ಅತ್ತರು, ಆದರೆ ಕೂಸನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ನೀವು ಮೊದಲು ಊರಿನ ಸಭೆಯಿಂದ ಸದಸ್ಯತ್ವದ ವರ್ಗಾವಣೆ ಪತ್ರವನ್ನೂ ದೃಢೀಕರಣದ ಪತ್ರವನ್ನೂ ತರಿಸಿಕೊಂಡು ಸಭಾ ಹಿರಿಯರ ಜೊತೆ ಕುಳಿತು ಮಾತನಾಡಿ. ಎಲ್ಲರೆದುರು ನಂಬಿಕೆಯನ್ನು ಅರಿಕೆ ಮಾಡಿದರೆ ಸಾಕೇ ಎಂದು ನೇರವಾಗಿ ಕೇಳಿ. ಆಗದು ಎಂದರೆ ಇನ್ನೊಂದು ಸಭೆ ಹುಡುಕಿಕೊಳ್ಳಿ. ಮೊದಲನೆಯ ದೀಕ್ಷಾಸ್ನಾನ ನಿಜವೆಂದು ನಿಮ್ಮ ಹೃದಯ ಹೇಳುತ್ತಿರುವಾಗ ಸದಸ್ಯತ್ವದ ಪುಸ್ತಕದಲ್ಲಿ ಹೆಸರು ಬರಲಿ ಎಂದು ಮಾತ್ರ ನೀರಿಗೆ ಇಳಿಯಬೇಡಿ.