ಚಿಕ್ಕ ಟ್ರೈಲರ್‌ನ ಸಿಂಕಿಗೆ ನೀರು: ಮೇಲೆ ಟ್ಯಾಂಕ್ ಇಡಲೋ, ಪಂಪ್ ಹಾಕಲೋ?

ಕಾರಿನ ಹಿಂದೆ ಕಟ್ಟಿ ಎಳೆಯುವ, ಇಬ್ಬರು ಮಲಗುವಷ್ಟು ದೊಡ್ಡ ಟ್ರೈಲರ್ ಮಾಡಿಸುತ್ತಿದ್ದೀರಿ, ಸಿಂಕಿಗೆ ನೀರು ಬರಲು ಛಾವಣಿ ಮೇಲೆ ಟ್ಯಾಂಕ್ ಸಾಕೋ ಪಂಪ್ ಬೇಕೋ ಎಂದು ಕೇಳಿದ್ದೀರಿ. ಪಂಪೇ ಹಾಕಿ. ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಮ್ಮ ಟ್ರೈಲರ್‌ಗೆ ಈ ಕೆಲಸ ನಾನೇ ಮಾಡಿಕೊಂಡದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಕಡೆಯವರಿಗೆ ಮೇಲಿಂದ ತಾನಾಗಿ ಇಳಿದು ಬರುವ ನೀರಿನ ಮೇಲೆ ಭರವಸೆ ಜಾಸ್ತಿ. ಎಣ್ಮಕಜೆ, ಬಾಯಾರು ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಪೈಪ್ ಎಳೆದರೆ ಕರೆಂಟೇ ಇಲ್ಲದೆ ಅಂಗಳಕ್ಕೆ ನೀರು ಬರುತ್ತದೆ. ಆದರೆ ಅಲ್ಲಿ ಗುಡ್ಡದ ಎತ್ತರ ಇದೆ. ನಿಮ್ಮ ಛಾವಣಿಗೂ ನಲ್ಲಿಗೂ ನಡುವೆ ಹೆಚ್ಚೆಂದರೆ ಒಂದು ಮೀಟರ್. ಅಷ್ಟಕ್ಕೆ ಸಿಗುವ ಒತ್ತಡ ಸುಮಾರು 1.4 ಪಿಎಸ್‌ಐ, ಕೈ ತೊಳೆಯಬಹುದು, ಜಿಡ್ಡಿನ ಪಾತ್ರೆ ತೊಳೆಯಲು ಆಗುವುದಿಲ್ಲ. ಮತ್ತೆ 40 ಲೀಟರ್ ನೀರು ಅಂದರೆ 40 ಕಿಲೋ. ಅಷ್ಟನ್ನು ನೆತ್ತಿಯ ಮೇಲಿಟ್ಟುಕೊಂಡು ರಾಣಿಪುರದ ತಿರುವು ಹತ್ತಿದರೆ ಟ್ರೈಲರ್ ವಾಲುವುದು ಕಾರಿನ ಸ್ಟಿಯರಿಂಗ್‌ನಲ್ಲೇ ಗೊತ್ತಾಗುತ್ತದೆ. ನೀರು ಯಾವಾಗಲೂ ಕೆಳಗೆ, ಆಕ್ಸಲ್ ಹತ್ತಿರ ಇರಲಿ.

ಇಬ್ಬರಿಗೆ ಸಿಂಕಿನ ಕೆಳಗೆ 20 ಲೀಟರಿನ ಎರಡು ಕ್ಯಾನ್ ಸಾಕು: ಒಂದು ಒಳ್ಳೆಯ ನೀರಿಗೆ, ಒಂದು ತೊಳೆದ ನೀರಿಗೆ. ಟ್ರೈಲರ್ ಅಡಿಗೆ ಟ್ಯಾಂಕ್ ಕೂರಿಸುವವರಿದ್ದಾರೆ, ನನಗೆ ಅದು ಇಷ್ಟವಿಲ್ಲ. ಕ್ಯಾನ್ ಆದರೆ ಕೈಯಲ್ಲಿ ಎತ್ತಿಕೊಂಡು ಹೋಗಿ ಯಾರದ್ದಾದರೂ ಬಾವಿಕಟ್ಟೆಯಲ್ಲಿ ತುಂಬಿಸಿಕೊಳ್ಳಬಹುದು, ಒಳಗೆ ಕೈ ಹಾಕಿ ಉಜ್ಜಲೂಬಹುದು. ಅಗಲ ಬಾಯಿಯ, ಆಹಾರಕ್ಕೆ ಬಳಸುವ ದರ್ಜೆಯ ಕ್ಯಾನೇ ತನ್ನಿ. ಬೆಳಕು ಒಳಗೆ ಹೋಗುವಂಥದ್ದಾದರೆ ಪಾಚಿ ಕಟ್ಟುತ್ತದೆ.

ಪಂಪ್ 12 ವೋಲ್ಟಿನ ಡಯಾಫ್ರಾಮ್ ಪಂಪ್ (ಒಳಗಿನ ರಬ್ಬರ್ ಪೊರೆ ಆಡಿ ನೀರು ತಳ್ಳುವಂಥದ್ದು), ಪ್ರೆಷರ್ ಸ್ವಿಚ್ ಇರುವಂಥದ್ದು. ನಲ್ಲಿ ತಿರುಗಿಸಿದ ಕೂಡಲೇ ಒತ್ತಡ ಇಳಿದು ಪಂಪ್ ಓಡುತ್ತದೆ, ನಿಲ್ಲಿಸಿದರೆ 35-45 ಪಿಎಸ್‌ಐ ಹತ್ತಿರ ತಾನೇ ನಿಲ್ಲುತ್ತದೆ. ಬ್ಯಾಟರಿ ಖಾಲಿಯಾದೀತೆಂದು ಹೆದರಬೇಡಿ: 4 ಆಂಪಿಯರ್ ಎಳೆಯುವ ಪಂಪ್ ದಿನಕ್ಕೆ ಹತ್ತು ನಿಮಿಷ ಓಡಿದರೂ ಒಂದು ಆಂಪಿಯರ್-ಅವರ್ ಕೂಡ ಆಗುವುದಿಲ್ಲ. ಬ್ಯಾಟರಿಯ ಪಾಸಿಟಿವ್ ಹತ್ತಿರವೇ 10 ಆಂಪಿಯರ್ ಫ್ಯೂಸ್, ಕೈಗೆ ಸಿಗುವಲ್ಲಿ ಒಂದು ಸ್ವಿಚ್ ಹಾಕಿ. ಗಾಡಿ ಓಡುವಾಗ ಮತ್ತು ರಾತ್ರಿ ಸ್ವಿಚ್ ಆಫ್ ಇರಲೇಬೇಕು. ಎಲ್ಲಾದರೂ ಹೋಸ್ ಕಳಚಿದರೆ ಒತ್ತಡ ಇಳಿಯಿತೆಂದು ಪಂಪ್ ಓಡುತ್ತಲೇ ಇರುತ್ತದೆ, ಕ್ಯಾನಿನ ನೀರೆಲ್ಲ ಹಾಸಿಗೆಯ ಕೆಳಗೆ ಬರುತ್ತದೆ.

ಬೆನ್ನಿಗೆ ಹೊತ್ತು ತೋಟಕ್ಕೆ ಕೀಟನಾಶಕದ ಮದ್ದು ಬಿಡುವ ಬ್ಯಾಟರಿ ಸ್ಪ್ರೇಯರ್‌ನಲ್ಲಿರುವುದೂ ಇದೇ ಜಾತಿಯ ಪಂಪ್. ಹಾಗೆಂದು ಮನೆಯ ಹಳೇ ಸ್ಪ್ರೇಯರ್ ಬಿಚ್ಚಿ ಅದರ ಪಂಪನ್ನು ಸಿಂಕಿಗೆ ಹಾಕಲು ಹೋಗಬೇಡಿ. ಎಷ್ಟು ತೊಳೆದರೂ ಅದರ ರಬ್ಬರಿನಲ್ಲಿ, ಮೂಲೆಯಲ್ಲಿ ಮದ್ದು ಉಳಿದಿರುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತೆಂದು ಕಂಡ ನಮ್ಮ ಊರುಗಳಲ್ಲಿ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹೊಸ ಪಂಪೇ ಕೊಳ್ಳಿ.

ಇನ್ನು ಮುಖ್ಯ ವಿಷಯ. ತೊಂದರೆ ಬರುವುದು ಹೆಚ್ಚಾಗಿ ಪಂಪಿನಿಂದ ಅಲ್ಲ, ಕ್ಯಾನಿನಿಂದ ಪಂಪಿನವರೆಗಿನ ಎಳೆಯುವ ಹೋಸಿನಿಂದ. ಪಂಪಿನಿಂದ ನಲ್ಲಿಗೆ ಹೋಗುವ ಕಡೆ ಲೀಕ್ ಇದ್ದರೆ ಒದ್ದೆಯಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಎಳೆಯುವ ಕಡೆ ಲೀಕ್ ಇದ್ದರೆ ಹನಿ ನೀರೂ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪಿಗೆ ಏರ್ ಹಿಡಿದು ಬರೀ ಸದ್ದು ಮಾಡುತ್ತದೆ, ನಲ್ಲಿ ಉಗುಳುತ್ತದೆ. ಅದಕ್ಕೇ ನೀರು ಪಂಪಿಗೆ ಹೋಗುವ ಮೊದಲು, ಎಳೆಯುವ ಕಡೆ, ಪಾರದರ್ಶಕ ಬಟ್ಟಲಿನ ಫಿಲ್ಟರ್ ಹಾಕಿ ಎನ್ನುವುದು. ಕಸ ತಡೆಯುವುದರ ಜೊತೆಗೆ ಒಳಗಿನದ್ದೂ ಕಾಣುತ್ತದೆ: ನಲ್ಲಿ ಬಿಟ್ಟು ಟಾರ್ಚ್ ಹಿಡಿದು ನೋಡಿ, ಸಣ್ಣ ಸಣ್ಣ ಗುಳ್ಳೆ ಒಂದರ ಹಿಂದೆ ಒಂದು ಓಡುತ್ತಿದ್ದರೆ ಫಿಲ್ಟರಿಗಿಂತ ಹಿಂದಿನ ಯಾವುದೋ ಕ್ಲಿಪ್ ಸಡಿಲ, ಅಥವಾ ಫಿಲ್ಟರ್ ಬಟ್ಟಲಿನ ವಾಷರ್ ಸರಿಯಾಗಿ ಕೂತಿಲ್ಲ.

ಈ ಹೋಸು ಒಳಗೆ ನೂಲಿನ ಬಲೆ ಇರುವ ಅರ್ಧ ಇಂಚಿನದ್ದಾಗಲಿ. ತೆಳು ಹೋಸ್ ಎಳೆತಕ್ಕೆ ಒಳಗೆ ಕುಗ್ಗಿ ಅಂಟಿಕೊಳ್ಳುತ್ತದೆ. ಕ್ಯಾನಿನೊಳಗಿನ ತುದಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದರೆ ತಳಕ್ಕೆ ಕಚ್ಚಿ ನೀರೇ ಏರುವುದಿಲ್ಲ. ಮುಚ್ಚಳದಲ್ಲಿ ಹೋಸಿನ ತೂತಿನ ಜೊತೆ ಗಾಳಿಗೆ ಇನ್ನೊಂದು ಸಣ್ಣ ತೂತು ಬೇಕೇ ಬೇಕು. ಅದಿಲ್ಲದಿದ್ದರೆ ಕ್ಯಾನಿನ ಹೊಟ್ಟೆ ಒಳಗೆ ಹೋಗುತ್ತದೆ. ಆ ತೂತಿಗೆ ಒಂದು ತುಂಡು ಸೊಳ್ಳೆ ಬಲೆ ಕಟ್ಟಿ.

ನಲ್ಲಿಯ ಕಡೆಗೂ ಹೋಸೇ ಇರಲಿ. ಗೋಡೆಗೆ ಹಾಕುವ ಗಟ್ಟಿ ಪಿವಿಸಿ ಪೈಪ್ ರಸ್ತೆಯ ಕುಲುಕಾಟಕ್ಕೆ ಎಲ್ಬೋ ಹತ್ತಿರ ಬಿರುಕು ಬಿಡುತ್ತದೆ. ಪಂಪ್ ದಾಟಿದ ಮೇಲೆ ಒಂದು ಮೀಟರ್ ಹೋಸ್ ಹೆಚ್ಚಿಗೆ ಬಿಟ್ಟು ಸುರುಳಿ ಮಾಡಿದರೆ ನಲ್ಲಿ ಸಣ್ಣಗೆ ಬಿಟ್ಟಾಗ ಪಂಪ್ ಪದೇ ಪದೇ ನಿಂತು ಓಡುವುದು ಕಡಿಮೆಯಾಗುತ್ತದೆ. ನಲ್ಲಿ ಮುಚ್ಚಿದ್ದಾಗಲೂ ಆಗಾಗ ಟುರ್ರೆಂದರೆ ಜಾಯಿಂಟ್‌ಗಳ ಕೆಳಗೆ ಒಣ ಪೇಪರ್ ಹಾಸಿಡಿ. ಪೇಪರ್ ಒದ್ದೆಯಾದಲ್ಲಿ ಲೀಕ್. ಎಲ್ಲೂ ಒದ್ದೆಯಾಗದಿದ್ದರೆ ಪಂಪಿನ ಒಳಗಿನ ವಾಲ್ವ್‌ನಲ್ಲಿ ಕಸ ಸಿಕ್ಕಿ ನೀರು ಹಿಂದಕ್ಕೆ ಹೋಗುತ್ತಿದೆ.

ತೊಳೆದ ನೀರಿನ ಕ್ಯಾನ್ ಒಳ್ಳೆಯ ನೀರಿನದ್ದಕ್ಕಿಂತ ಚಿಕ್ಕದಿರಬಾರದು. ಒಂದನ್ನು ತುಂಬಿಸುವಾಗಲೆಲ್ಲ ಇನ್ನೊಂದನ್ನು ಖಾಲಿ ಮಾಡಿದರೆ ಯಾವತ್ತೂ ಉಕ್ಕುವುದಿಲ್ಲ. ಸಿಂಕಿನ ಪೈಪನ್ನು ನೇರ ನೆಲಕ್ಕೆ ಬಿಡಬೇಡಿ ಮಾರಾಯ್ರೇ. ಬೇಕಲದ ಮರಳಿನ ಮೇಲೆ ಸೋಪಿನ ನೀರು, ಅನ್ನದ ಅಗುಳು ಬಿಟ್ಟು ಬರುವುದು ಸರಿಯಲ್ಲ. ಮತ್ತೊಬ್ಬರ ತೋಟದಲ್ಲಿ ನಿಲ್ಲಿಸಿದ್ದರಂತೂ ಕೇಳುವುದೇ ಬೇಡ.

ಮಳೆಗಾಲ ಕಳೆದು ಮತ್ತೆ ಹೊರಡುವ ಮೊದಲು 20 ಲೀಟರ್ ನೀರಿಗೆ 5 ಶೇಕಡದ ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) ದ್ರಾವಣ 20 ಮಿ.ಲೀ. ಹಾಕಿ, ನಲ್ಲಿಯಲ್ಲಿ ಅದರ ವಾಸನೆ ಬರುವವರೆಗೆ ಪಂಪ್ ಓಡಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವಷ್ಟು ಒಳ್ಳೆ ನೀರಿನಲ್ಲಿ ತೊಳೆಯಿರಿ. ಇಷ್ಟಾದರೂ ಕುಡಿಯುವ ನೀರು ಬೇರೆಯೇ ಒಯ್ಯಿರಿ. ದಾರಿಯಲ್ಲಿ ಸಿಗುವ ನೀರು ಎಲ್ಲಿಯದ್ದೆಂದು ಹೇಳಲಾಗದು, ಬೇಸಿಗೆಯಲ್ಲಿ ಕಡಲ ಬದಿಯ ಬಾವಿ ಉಪ್ಪೂ ಆಗಿರುತ್ತದೆ.

ಪ್ಲೈವುಡ್ ಮುಚ್ಚಿ ಸ್ಕ್ರೂ ಹೊಡೆಯುವ ಮೊದಲು ಎಲ್ಲವನ್ನೂ ತೆರೆದಿಟ್ಟು ಒಂದು ಸಂಜೆ ಓಡಿಸಿ ನೋಡಿ. ಆಮೇಲೆ ಹಳ್ಳದಿಣ್ಣೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಆಕ್ಸಲ್‌ನಿಂದ ಸಿಂಕ್ ಎಷ್ಟು ದೂರವಿದೆ ಎಂದು ತಿಳಿಸಿದರೆ ಕ್ಯಾನ್ ಎಲ್ಲಿಡಬೇಕು, ಹೋಸ್ ಎಷ್ಟು ತರಬೇಕು ಎಂದು ಹೇಳುತ್ತೇನೆ.